ಫಾರಿನ್ನವರ ಪರವಾನಗಿ, ನಮ್ಮ ಎದೆಬಡಿತ

ವಿದೇಶಿಯರ ವಾಸದ ಪರವಾನಗಿ ನೋಡಿಕೊಳ್ಳುವ ಪೊಲೀಸಿನವನಿಗೆ ಏನಾದರೊಂದು ಗಾಬರಿ ಆಗುತ್ತಲೇ ಇರುತ್ತದೆ. ಕಳ್ಳ ತಪ್ಪಿಸಿಕೊಂಡರೆ ಇವತ್ತಲ್ಲ ನಾಳೆ ಸಿಕ್ಕಾನು, ಪರವಾನಗಿಯ ಮುದ್ದತ್ತು ತಪ್ಪಿದರೆ ಮುಗಿದೇ ಹೋಯಿತು. ತೊಂಬತ್ತರ ದಶಕದ ಕೊನೆಯಿಂದ ಸುಮಾರು ವರ್ಷ ಕುಮಟಾ, ಭಟ್ಕಳ, ಹೊನ್ನಾವರ ಅಂತ ನಾನು ಈ ಕೆಲಸ ಮಾಡಿದೆ. ಬೆವರಿದ್ದು ಆವಾಗ, ನಗು ಬಂದದ್ದು ಆಮೇಲೆ.

ಗಡ್ಡ

ಗೋಕರ್ಣಕ್ಕೆ ಸಂಸ್ಕೃತ ಕಲಿಯಲು ಬಂದ ಒಬ್ಬ ಫಾರಿನರ್ ಓಂ ಬೀಚಿನ ಗುಡಿಸಲಲ್ಲೇ ಉಳಿದುಬಿಟ್ಟಿದ್ದ. ಮರುದಿನ ಅವನ ಮುದ್ದತ್ತು ಮುಗಿಯುತ್ತದೆ ಅನ್ನುವಾಗ ಕುಮಟಾ ಠಾಣೆಗೆ ಬಂದ. ಆ ದಿನವೇ ಅವನನ್ನು ಕಾರವಾರದ ದೊಡ್ಡ ಆಫೀಸಿಗೆ ಮುಟ್ಟಿಸಬೇಕು. ಪಾಸ್‌ಪೋರ್ಟ್ ತೆರೆದು ನೋಡಿದರೆ ನುಣ್ಣಗೆ ಬೋಳಿಸಿದ ಮುಖ. ಎದುರಿಗಿದ್ದವನಿಗೆ ಜಟೆ, ಹೊಟ್ಟೆವರೆಗೆ ಗಡ್ಡ. ಕಾರವಾರದಲ್ಲಿ ಇವನೇ ಅವನು ಅಂತ ಯಾರು ನಂಬಬೇಕು? ಪಾಸ್‌ಪೋರ್ಟ್ ಇಟ್ಟುಕೊಂಡು ಎದುರಿನ ಕ್ಷೌರದಂಗಡಿಗೆ ಕಳಿಸಿದೆ.

ಚಾ ಕುಡಿದು ಅಂಗಡಿಗೆ ಹೋದರೆ ಆಸಾಮಿ ಇಲ್ಲ.

“ಆಗ್ಲೇ ಹೋದ್ರಲ್ಲ,” ಅಂದ ಕ್ಷೌರಿಕ.

ಬಸ್‌ಸ್ಟ್ಯಾಂಡಿಗೆ ಓಡಿದೆ, ಅಲ್ಲಿಂದ ಮೀನುಪೇಟೆಗೆ ಓಡಿದೆ. ಇದರ ನಡುವೆ ಇನ್ನೊಬ್ಬ ಬಿಳಿ ಹುಡುಗ ‘ಸರ್, ಸರ್’ ಅನ್ನುತ್ತ ಬೆನ್ನು ಹತ್ತಿದ್ದ. “ನಿಂದು ಆಮೇಲೆ ಮಾರಾಯಾ, ಇಲ್ಲಿ ಒಬ್ಬ ಕಾಣೆಯಾಗಿದ್ದಾನೆ!” ಅಂತ ಗದರಿದೆ. ಪಾಪ, ಸುಮ್ಮನೆ ಹಿಂದೆಯೇ ಬಂದ. ಕೊನೆಗೆ ಉಪಾಯ ಕಾಣದೆ ಅವನನ್ನೇ ಕೇಳಿದೆ. “ಉದ್ದ ಗಡ್ಡ, ತಲೆತುಂಬ ಜಟೆ, ಎಲ್ಲಾದರೂ ನೋಡಿದ್ಯಾ?”

ಅವನು ಕ್ಷೌರದಂಗಡಿಯ ಕಡೆ ಕೈ ತೋರಿಸಿ ಹೇಳಿದ, “ಅಲ್ಲಿ. ಕಸದ ಬುಟ್ಟಿಯಲ್ಲಿ.”

ಗಂಡ

ಭಟ್ಕಳದಲ್ಲಿ ಕರಾಚಿಯಿಂದ ಮದುವೆಯಾಗಿ ಬಂದ ಹೆಂಗಸೊಬ್ಬರಿದ್ದರು. ಮಕ್ಕಳು ಭಟ್ಕಳದ ಶಾಲೆಗೇ ಹೋಗುತ್ತಿದ್ದವು. ತಾಯಿಯ ಪರವಾನಗಿ ಮಾತ್ರ ವರ್ಷ ವರ್ಷ ಹೊಸದಾಗಬೇಕು. ಒಂದು ಸಲ ಹಳೆಯದು ಮುಗಿಯುತ್ತ ಬಂದರೂ ದಿಲ್ಲಿಯಿಂದ ಉತ್ತರವಿಲ್ಲ. ಬಾರದಿದ್ದರೆ ಮಕ್ಕಳನ್ನು ಬಿಟ್ಟು ಹೊರಡಬೇಕು. ಗಂಡನಿಗೆ ಬಟ್ಟೆ ಅಂಗಡಿ. ದಿನಾ ಅಂಗಡಿ ತೆಗೆಯುವ ಮೊದಲು ಠಾಣೆಯ ಬಾಗಿಲಿಗೆ ಬರುತ್ತಿದ್ದರು.

“ಆತಾ ಸಾಹೇಬ್ರೆ?”

“ಇನ್ನೂ ಇಲ್ಲ ಮಾರಾಯ್ರೆ.”

ಒಂದು ದಿನ ಬಂದು, “ಮುಟ್ಟಳ್ಳಿಯಲ್ಲಿ ನಮ್ಮವರ ಮದುವೆ ಊಟ. ಇವಳನ್ನು ಕರ್ಕೊಂಡು ಹೋದ್ರೆ ತಪ್ಪಾಗ್ತದಾ?” ಅಂದರು. ಮುಟ್ಟಳ್ಳಿ ಅಂದರೆ ಪಕ್ಕದಲ್ಲೇ. ಭಯ ಅಷ್ಟು.

ಅಂತೂ ಮಂಜೂರಾಗಿ ಬಂತು. ರಿಜಿಸ್ಟರಿನಲ್ಲಿ ಬರೆದುಕೊಳ್ಳಲು ಗಂಡಹೆಂಡತಿಯನ್ನು ಕರೆಸಿದೆವು. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಹೆಂಡತಿಯನ್ನು ಏನು ಕೇಳಿದರೂ ಗಂಡನೇ ಬಾಯಿ ಹಾಕುತ್ತಿದ್ದರು. ಸಾಹೇಬರಿಗೆ ರೇಗಿತು. ಗಂಡನ ಕಡೆಗೇ ತಿರುಗಿ ಗುಡುಗಿದರು. “ಹಾಗಾದ್ರೆ ನೀವು ಈ ದೇಶಕ್ಕೆ ಯಾವಾಗ ಬಂದದ್ದು?”

ಗಂಡ ಎದ್ದು ನಿಂತು ಕೈಮುಗಿದರು. “ನಾನು ಹುಟ್ಟಿದ್ದೇ ಭಟ್ಕಳದಲ್ಲಿ ಸಾಹೇಬ್ರೆ. ಇನ್ನೊಂದು ವರ್ಷ ಇರ್ಲಿಕ್ಕೆ ಬಿಡಿ!”

ಹೆಂಡತಿ ಮೆಲ್ಲಗೆ ಅವರ ಅಂಗಿ ಜಗ್ಗಿ ಕೂರಿಸಿ ಅಂದರು, “ಬಿಡಿ ಸಾಹೇಬ್ರೆ, ಇವರ ಜವಾಬ್ದಾರಿ ನಂದು.”

ಇಲ್ಲೆ

ಹೊನ್ನಾವರದ ಕಡೆಯ ಒಂದು ಹಳ್ಳಿಯಲ್ಲಿ, ಭಾಗವತರ ಮನೆಯಲ್ಲಿದ್ದುಕೊಂಡು ವಿದೇಶಿ ಹುಡುಗಿಯೊಬ್ಬಳು ಯಕ್ಷಗಾನ ಕಲಿಯುತ್ತಿದ್ದಳು. ಅವಳಿಗೆ ಕೊನೆಗೆ ಪರವಾನಗಿ ಸಿಕ್ಕಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಮನೆ ತಪಾಸಣೆಗೆ ಹೋದ ದಿನ ಮಾತ್ರ ಸಿಕ್ಕೀತು ಅನ್ನುವ ಧೈರ್ಯ ನನಗೆ ಇರಲಿಲ್ಲ. ಅವಳು ಆ ಮನೆಯಲ್ಲಿ ಇರುವುದೇ ಇಲ್ಲ ಅಂತ ಯಾರೋ ಠಾಣೆಯಲ್ಲಿ ಕಿವಿ ಊದಿದ್ದರು. ಅದು ನಿಜವಾದರೆ ಕಲಿಕೆ ಅರ್ಧಕ್ಕೆ ಬಿಟ್ಟು ವಿಮಾನ ಹತ್ತಬೇಕು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಸ್ವತಃ ನೋಡಲು ಹೊರಟರು.

ಗೇಟಿನಲ್ಲಿ ನಾಯಿ ನನ್ನನ್ನು ತಡೆಯಿತು. ಸಾಹೇಬರು ಮುಂದೆ ಹೋದರು. ಭಾಗವತರ ಹೆಂಡತಿ ಒಬ್ಬರೇ ಇದ್ದರು.

“ಆ ಹುಡುಗಿ ಎಲ್ಲಮ್ಮಾ?”

“ಇಲ್ಲೆ.”

“ಹಾಗಾದ್ರೆ ಕರೀರಿ.”

“ಇಲ್ಲೆ ಅಂದ್ನಲ!”

“ಇಲ್ಲೇ ಅಂದ್ರೆ ಎಲ್ಲಿ?”

“ಇಲ್ಲೆ ಅಂದ್ರೆ ಇಲ್ಲೆ!”

ಸಾಹೇಬರು ಬಾಗಿಲ ಹಿಂದೆ ಇಣುಕಿದರು, ಅಟ್ಟ ಹತ್ತಿದರು. ನಾಯಿಯಿಂದ ಬಿಡಿಸಿಕೊಂಡು ನಾನು ಒಳಗೆ ಹೋಗುವಾಗ ಬಚ್ಚಲಿನ ಹಂಡೆಯ ಮುಚ್ಚಳ ಎತ್ತಿ ನೋಡುತ್ತಿದ್ದರು. ಆ ಅಮ್ಮ ಅಳುವುದೊಂದು ಬಾಕಿ.

“ಸಾರ್, ಇವರ ಮಾತಲ್ಲಿ ‘ಇಲ್ಲೆ’ ಅಂದ್ರೆ ‘ಇಲ್ಲ’ ಅಂತ. ಹುಡುಗಿ ಪೇಟೆಗೆ ಹೋಗಿರಬೇಕು.”

ಸಾಹೇಬರ ಮುಖ ಕೆಂಪಾಯಿತು. “ಸರಿ, ಇನ್ಮೇಲೆ ಈ ತಪ್ಪು ಆಗಲ್ಲ ಬಿಡಿ,” ಅಂದರು.

ನಾವು ಅಂಗಳಕ್ಕೆ ಇಳಿಯುವಷ್ಟರಲ್ಲಿ ಹುಡುಗಿ ಬಂದಳು. ಅಂಗಳದಲ್ಲಿ ಪೊಲೀಸರನ್ನು ಕಂಡು ಬಿಳಿ ಮುಖ ಇನ್ನೂ ಬಿಳಿಯಾಯಿತು. ಸಾಹೇಬರು ಬಿಡಿಸಿ ಬಿಡಿಸಿ ಕೇಳಿದರು. “ನೀವು ಎಲ್ಲಿ ವಾಸ ಇರೋದು? ಈ ಮನೇಲೇನಾ?”

ಅವಳು ಕೈಜೋಡಿಸಿ, ಭಾಗವತರು ಕಲಿಸಿದ ಅಚ್ಚ ಕನ್ನಡದಲ್ಲಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು.

“ಇಲ್ಲೇ, ಸಾರ್!”

ಸಾಹೇಬರು ನನ್ನ ಕಡೆ ತಿರುಗಿದರು. “ನೋಡಿದ್ರಾ, ಅವಳೇ ಒಪ್ಕೊಂಡ್ಲು. ಬರ್ಕೊಳ್ಳಿ, ಇಲ್ವಂತೆ!”