ಭುಜದ ಡಾಕ್ಟರ ಭುಜ

ಸಿಂದಗಿಯಲ್ಲಿ ನಾನು ಫಿಜಿಯೋಥೆರಪಿ ಮಾಡುತ್ತೇನೆ. ಭುಜ ನೋವೆಂದು ಬರುವವರು ಮನೆಯನ್ನೂ ಹೊತ್ತುಕೊಂಡೇ ಬರುತ್ತಾರೆ. ಹಾಗಾಗಿ ನಮ್ಮಲ್ಲಿ ನಗೆಗೆ ಬರವಿಲ್ಲ. ಈ ವರ್ಷ ಮಾತ್ರ ಒಂದು ಫಜೀತಿ. ನನ್ನ ಬಲಭುಜವೇ ಹಿಡಿದುಕೊಂಡಿತ್ತು. ಯಾರಿಗೂ ಹೇಳಿರಲಿಲ್ಲ. ತನ್ನ ಕೈಯನ್ನೇ ಎತ್ತಲಾಗದವನ ಹತ್ತಿರ ಯಾರು ಬರುತ್ತಾರೆ?

ಮೊಬೈಲು

ದೇವರ ಹಿಪ್ಪರಗಿಯ ತೊಗರಿ ವ್ಯಾಪಾರಿಯೊಬ್ಬರು ಎರಡೂ ಕೈಯಲ್ಲಿ ಚೀಲ ಹಿಡಿದು, ಮೊಬೈಲನ್ನು ಕಿವಿಗೂ ಬಲಭುಜಕ್ಕೂ ನಡುವೆ ಒತ್ತಿ ದಿನವಿಡೀ ಮಾತಾಡುವವರು. ಆ ಭುಜಕ್ಕೆ ಮೊಬೈಲು ಸಿಗಿಸಬೇಡಿ ಎಂದು ಗದರಿ ಕಳಿಸಿದೆ. ವಾರ ಬಿಟ್ಟು ನಗುತ್ತ ಬಂದರು.

"ಬಲದ್ದು ಆರಾಮ ಆತ್ರಿ. ಈಗ ಎಡದ್ದು ನೋಡ್ರಿ."

ಗೋಡೆಯ ಗೆರೆ

ಇಂಗಳೇಶ್ವರದ ನಿವೃತ್ತ ಮಾಸ್ತರರಿಗೆ ದಿನಾ ನೋವಿದ್ದ ಕೈಯ ಬೆರಳನ್ನು ಗೋಡೆಯ ಮೇಲೆ ಏರಿಸಿ, ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಹಾಕಲು ಹೇಳಿದ್ದೆ. ಹದಿನೈದು ದಿನಕ್ಕೆ ಗೆರೆ ತಲೆ ದಾಟಿತು, ಫೋಟೋ ತಂದರು. ಹಿಗ್ಗಿ ಕೈ ಎತ್ತಿಸಿದರೆ ಎದೆಮಟ್ಟಕ್ಕೇ ನಿಂತಿತು. ಮತ್ತೆ ಗೆರೆ ಹೇಗೆ ಏರಿತು ಎಂದೆ.

"ಬ್ಯಾನಿ ಇದ್ದ ಕೈಲೆ ಗೆರಿ ಹಾಕಾಕ ಆಗ್ತೈತೇನ್ರಿ? ಛಲೋ ಕೈಲೆ ಹಾಕೇನಿ."

ರೊಟ್ಟಿ

ಇಂಡಿ ಕಡೆಯ ಆಯಿಯೊಬ್ಬರದು ನಲವತ್ತು ವರ್ಷ ಜೋಳದ ರೊಟ್ಟಿ ಬಡಿದ ಭುಜ. ಇನ್ನು ಸೊಸೆ ಬಡಿಯಲಿ, ನೀವು ಸುಮ್ಮನೆ ಕೂತಿರಿ ಎಂದೆ. ನೋವು ಇಮ್ಮಡಿಯಾಯಿತು. ಆಯಿ ಒಲೆಯ ಪಕ್ಕವೇ ಕೂತು ನೋಡುತ್ತಿದ್ದರಂತೆ.

"ಬಡಿಯಾಕಿ ಆಕಿ, ಭುಜ ಹಾರೂದು ನಂದು. ಆಕಿ ರೊಟ್ಟಿ ಹರಿದ್ರ ನನಗ ಕುತ್ತಿಗಿತನಕ ಹಿಡಿತೈತ್ರಿ."

ರೊಟ್ಟಿ ಹೊತ್ತಿಗೆ ಹೊರಗೆ ಕಟ್ಟೆಯ ಮೇಲೆ ಕೂತಿರಿ, ಒಳಗೆ ನೋಡಲೇಬೇಡಿ ಎಂದೆ. ಅದು ಗುಣ ಕೊಟ್ಟಿತು.

ನನ್ನದು

ನನ್ನೂರು ಮೋರಟಗಿಯಿಂದ ನಾನು ಕ್ಲಿನಿಕ್ಕಿಗೆ ಬರುವುದು ಮಗಳ ಸ್ಕೂಟರಿನ ಹಿಂದೆ ಕೂತು. ಎರಡು ತಿಂಗಳ ಹಿಂದೆ ಲೈಸೆನ್ಸ್ ಬಂದಾಗಿನಿಂದ ಓಡಿಸುವವಳು ಅವಳೇ. ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಮುಂದೆ ಇಳಿದೆ. ಹೆಲ್ಮೆಟ್ ತೆಗೆಯಲು ಬಲಗೈ ಮೇಲೇಳಲಿಲ್ಲ. ಮೆಟ್ಟಿಲ ಮೇಲೆ ಅದೇ ಆಯಿ ಕೂತು ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು.

ಎಷ್ಟು ದಿನದಿಂದ ಎಂದು ಕೇಳಿದರು. ಎರಡು ತಿಂಗಳು ಎಂದೆ. ಮಗಳನ್ನೊಮ್ಮೆ, ಸ್ಕೂಟರನ್ನೊಮ್ಮೆ ನೋಡಿದರು.

"ಗಾಡಿ ಹೊಡಿಯಾಕಿ ಆಕಿ, ಭುಜ ಬಿಗಿಯೂದು ನಿಮ್ದು. ನಾಳಿಂದ ಬಸ್ಸಿಗೆ ಬರ್ರಿ ಡಾಕ್ಟ್ರ. ಆಕೀನ್ನ ನೋಡಬ್ಯಾಡ್ರಿ."

ನನ್ನ ಔಷಧ ನನಗೇ ಬಂತು. ಮರುದಿನ ಬಸ್ಸಿನ ಕಿಟಕಿಗೆ ಕೂತೆ. ಊರು ದಾಟುವಷ್ಟರಲ್ಲಿ ಮಗಳು ಬಸ್ಸನ್ನು ಓವರ್‌ಟೇಕ್ ಮಾಡಿ, ಒಂದು ಕೈ ಬಿಟ್ಟು ನನಗೆ ಟಾಟಾ ಮಾಡಿದಳು. ನನ್ನ ಎರಡೂ ಭುಜ ಕಿವಿ ಮುಟ್ಟಿದವು.

ಕ್ಲಿನಿಕ್ಕಿಗೆ ಬಂದರೆ ಆಯಿ ನನ್ನ ಭುಜದ ಸುದ್ದಿಯನ್ನು ಎಲ್ಲರಿಗೂ ಹೇಳಿಬಿಟ್ಟಿದ್ದರು. ಒಬ್ಬರೂ ಎದ್ದು ಹೋಗಿರಲಿಲ್ಲ. ತೊಗರಿ ವ್ಯಾಪಾರಿ, ಮಾಸ್ತರರು, ಎಲ್ಲರೂ ನನ್ನ ಸುತ್ತ ನಿಂತು, ಬ್ಯಾನಿ ಕಡಿಮಿ ಆತೇನ್ರಿ ಎಂದು ಕಳಕಳಿಯಿಂದ ಕೇಳಿದರು.

"ಈಗ ಎಡದ್ದೂ ನೋಡ್ರಿ" ಎಂದೆ.