ಕೋರೆಹಲ್ಲಿಲ್ಲದ ಹುಲಿ

ಹುಲಿಗೆ ಕೋರೆಹಲ್ಲು ಇರಬಾರದು ಎಂಬ ತಗಾದೆ ಬೆಳಗಿನ ಚಹಾ ಆರುವ ಮೊದಲೇ ಶುರುವಾಯಿತು. ಚೀನಾದ ಚಾಂಗ್‌ಷಾ ನಗರದ ಪುಟ್ಟ ಪ್ರಕಾಶನವೊಂದರ ಸಂಪಾದಕ ಕ್ವಾಂಗ್, ತೀರಿಹೋದ ತನ್ನ ಅಮ್ಮ ಹೇಳುತ್ತಿದ್ದ ಜನಪದ ಕತೆಯನ್ನು ಮಕ್ಕಳ ಚಿತ್ರಪುಸ್ತಕ ಮಾಡಿದ್ದ. ಒಂದು ಪುಟ ಚೀನಿ, ಎದುರು ಪುಟ ಇಂಗ್ಲಿಷ್. ಅಜ್ಜಿಯನ್ನು ನುಂಗಿ, ಅವಳ ರುಮಾಲು ಸುತ್ತಿಕೊಂಡು ಮನೆಗೆ ಬರುವ ಹುಲಿ. ಅದರ ಬಾಲಕ್ಕೆ ಬೀಸುಕಲ್ಲು ಕಟ್ಟಿ ಬಾವಿಗೆ ಕೆಡಹುವ ಮೊಮ್ಮಗಳು. ಅಜ್ಜಿಯ ಮುಖವನ್ನೇ ಕಾಣದ ತನ್ನ ಮಗಳಿಗೆ ಅಜ್ಜಿಯ ಕತೆಯಾದರೂ ಸಿಗಲಿ ಎಂಬುದೊಂದೇ ಅವನ ಆಸೆ. ಸಂಜೆಗೆ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು.

“ಕ್ವಾಂಗಣ್ಣ, ಪುಸ್ತಕ ಕೊಳ್ಳೋರೆಲ್ಲ ಅಜ್ಜಿಯರೇ,” ಎಂದಳು ಮಾರಾಟ ನೋಡಿಕೊಳ್ಳುವ ಶೆನ್ ಅಕ್ಕ. “ಅವರನ್ನೇ ಹುಲಿ ಬಾಯಿಗೆ ಹಾಕಿದ್ರೆ ದುಡ್ಡು ಬಿಚ್ಚೋರ್ಯಾರು?”

ಸರಿ, ಅಜ್ಜಿ ಬದುಕಿದಳು. ಚಿತ್ರಕಾರ ಕೋರೆಹಲ್ಲು ಅಳಿಸಿದ. ಕರೆಯದೆ ಬಂದ ಲೆಕ್ಕಪತ್ರದವನು ಹುಲಿ ಕೊಲ್ಲುವುದು ಅಪರಾಧ ಎಂದ, ಹುಲಿಯೂ ಬದುಕಿತು. ಮಧ್ಯಾಹ್ನ ಖಾರದ ನೂಡಲ್ಸ್ ತಿಂದು ಬಂದ ಯಜಮಾನ ಗೆಂಗ್, ಮಕ್ಕಳಿಗೆ ನಡತೆ ಕಲಿಸಬೇಕು ಎಂದ. ಕೊನೆಗೆ ಹುಲಿ ಬಂದು, ಕೈ ತೊಳೆದು, ಚಹಾ ಕುಡಿದು ಹೋಯಿತು. ಕ್ವಾಂಗನ ಮೈಯೆಲ್ಲ ಉರಿಯಿತು. ಆದರೆ ಸಂಬಳ ಕೊಡುವವನ ಎದುರು ಉರಿಯುವ ಮೈಯಿಂದ ಹೊಗೆಯೂ ಏಳಬಾರದು.

“ಇಂಗ್ಲಿಷ್ ಕಡೆ ಹೇಗಿದೆಯಪ್ಪ?” ಗೆಂಗ್ ಕೇಳಿದ.

“ದೊಡ್ಡ ಅನುವಾದಕರು ಮಾಡಿದ್ದು ಸರ್. ಹೋದ ತಿಂಗಳೇ ಬಂತು.”

ಗೆಂಗ್ ಪುಟ ತಿರುವಿ ಗಂಭೀರವಾಗಿ ತಲೆಯಾಡಿಸಿದ. ಉಳಿದವರೂ ಆಡಿಸಿದರು. ಆ ಕಚೇರಿಯಲ್ಲಿ ಇಂಗ್ಲಿಷ್ ಬರುವ ಒಂದು ನರಪಿಳ್ಳೆಯೂ ಇರಲಿಲ್ಲ, ಬರುವುದಿಲ್ಲ ಎಂದು ಒಪ್ಪಿಕೊಳ್ಳುವವರೂ ಇರಲಿಲ್ಲ. ಕ್ವಾಂಗನಿಗೂ ಬರದು. ಆದರೆ ಅನುವಾದಕ್ಕೆ ಹೋಗಿದ್ದು ಅಮ್ಮನ ಅಸಲು ಕತೆ. ಯಾರೂ ಕೈಯಾಡಿಸದ ಆ ಪುಟಗಳಲ್ಲಿ ಹುಲಿ ಇನ್ನೂ ಹುಲಿಯಾಗಿಯೇ ಇದೆ. ಅವನು ತುಟಿ ಕಚ್ಚಿ ನಗು ನುಂಗಿಕೊಂಡ.

ಸಂಜೆ ಪುಸ್ತಕ ಅಚ್ಚಿಗೆ ಹೋದದ್ದೇ ತಡ, ಕರಡು ಪ್ರತಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಓಡಿದ. ಇಂಗ್ಲಿಷ್ ಶಾಲೆಗೆ ಹೋಗುವ ಮಗಳು ಯಾನ್‌ಯಾನ್‌ಗೆ ಬಲಗಡೆಯ ಇಂಗ್ಲಿಷ್ ಪುಟ ತೋರಿಸಿ, ಇದೇ ನಿನ್ನಜ್ಜಿಯ ಕತೆ, ಓದು ಎಂದ. ಅವಳು ಬೆರಳಿಟ್ಟು ಓದುತ್ತಾ ಹೋದಳು. ಎಲ್ಲೂ ಬೆಚ್ಚಲಿಲ್ಲ.

“ಇದ್ರಲ್ಲಿ ಹುಲಿನೇ ಇಲ್ಲ ಅಪ್ಪ. ಬೆಕ್ಕು. ದಾರಿ ತಪ್ಪಿತ್ತಂತೆ. ಆ ಕಡೆ ಪುಟದಲ್ಲಿ ಚಹಾ ಕೊಟ್ಟಿದ್ದಾರೆ, ಈ ಕಡೆ ಹಾಲು.”

ಅನುವಾದಕ ಮಹಾಶಯನೂ ಮಕ್ಕಳು ಹೆದರಿಯಾರೆಂದು ತನ್ನ ಪಾಲಿನ ಉಪಕಾರವನ್ನು ಹೋದ ತಿಂಗಳೇ ಮಾಡಿ ಮುಗಿಸಿದ್ದ. ಕ್ವಾಂಗನಿಗೆ ಅಳು ಬಂತು. ಪುಸ್ತಕ ಮುಚ್ಚಿಟ್ಟು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮನ ಧಾಟಿಯಲ್ಲೇ ಕತೆ ಶುರು ಮಾಡಿದ. ಹುಲಿ ಅಜ್ಜಿಯನ್ನು ನುಂಗುವಲ್ಲಿಗೆ ಬಂದಾಗ ಮಗಳು ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

“ತಪ್ಪು ಹೇಳ್ತಿದ್ದೀಯ ಅಪ್ಪ. ಎರಡು ಭಾಷೆಲೂ ಹಾಗಿಲ್ಲ.”