ಏಳು ಪ್ಲೇಟಿನ ಸ್ಟ್ರೈಕರ್

ಒಂಟಿಕೊಪ್ಪಲ್ ಫುಟ್‌ಬಾಲ್ ತಂಡದ ಮ್ಯಾನೇಜರ್ ಸವರಿಯಪ್ಪನವರ ಸಂಕಟವೆಲ್ಲ ಹುಟ್ಟಿದ್ದು ಬಿರಿಯಾನಿಯಿಂದ. ಆ ಲೀಗಿನಲ್ಲಿ ಹಣದ ಸಂಬಳವಿರಲಿಲ್ಲ. ಪಂದ್ಯದ ನಂತರದ ಬಿರಿಯಾನಿಯೇ ಸಂಬಳ. ಹೋದ ವರ್ಷ ಒಂದು ತಂಡ ಎದುರಾಳಿಗಳ ಗೋಲ್‌ಕೀಪರನನ್ನು ಕಾಲು ಸೂಪಿನ ಆಸೆ ತೋರಿಸಿ ಮಧ್ಯಂತರದಲ್ಲೇ ತನ್ನ ಕಡೆಗೆ ಎಳೆದುಕೊಂಡಿತ್ತು. ಅಂದಿನಿಂದ ಲೀಗಿನ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಅನಂತಪದ್ಮನಾಭ ಅವರು ಮಿತಿ ಹಾಕಿದ್ದರು: ಪಂದ್ಯಕ್ಕೆ, ತಂಡಕ್ಕೆ, ಹದಿನೈದೇ ಪ್ಲೇಟ್.

ಅದರಲ್ಲಿ ಏಳು ಪ್ಲೇಟ್ ಸ್ಟ್ರೈಕರ್ ಎಡ್ವಿನ್ ಒಬ್ಬನಿಗೇ ಬೇಕು. ಉಳಿದ ಎಂಟರಲ್ಲಿ ಹತ್ತು ಜನ ತೃಪ್ತರಾಗಬೇಕು. ಅವನಿಲ್ಲದೆ ತಂಡ ಗೋಲಿನ ಮುಖ ಕಂಡದ್ದಿಲ್ಲ. ಮೇಲಾಗಿ ಅವನು ಸವರಿಯಪ್ಪನವರ ಬಾಮೈದ.

ಫೈನಲ್ ದಿನ ಬೆಳಿಗ್ಗೆಯೇ ಗೋಲ್‌ಕೀಪರ್ ಸ್ಯಾಮ್ಯುಯೆಲ್ ಸವರಿಯಪ್ಪನವರ ಮನೆ ಬಾಗಿಲಿಗೆ ಬಂದ.

"ಅಣ್ಣಾ, ಹೆಬ್ಬಾಳದ್ ಫ್ಯಾಕ್ಟ್ರೀಲಿ ರಾತ್ರಿ ಶಿಫ್ಟ್ ಮುಗ್ಸಿ ಸೀದಾ ಬಂದಿವ್ನಿ. ಹೋದ್ ಸಲ ನನ್ ಪಾಲಿಗೆ ಸಿಕ್ಕಿದ್ದು ಬರೀ ಚಕ್ಕೆ, ಲವಂಗ. ಅವ್ನಿರ್ಬೇಕು, ಇಲ್ಲ ನಾವಿರ್ಬೇಕು. ಫೈನಲ್ ಸೋತ್ರೆ ಮ್ಯಾನೇಜರ್‌ನೂ ಬದಲಾಯಿಸ್ತೀವಿ, ಈಗ್ಲೇ ಹೇಳ್ಬುಟ್ಟೆ!"

ಒಳಗಿನಿಂದ ಹೆಂಡತಿ ರೋಸ್‌ಮೇರಿ ಗುಡುಗಿದರು. "ನನ್ ತಮ್ಮನ್ನ ತೆಗೀರಿ ನೋಡೋಣ!"

"ಭಾವ, ಬೇಕಾದ್ರೆ ರಾಯ್ತ ಬುಟ್ಬುಡ್ತೀನಿ," ಎಂದು ಅಕ್ಕನ ಹಿಂದೆ ನಿಂತಿದ್ದ ಎಡ್ವಿನ್ ಔದಾರ್ಯ ಮೆರೆದ.

ಸವರಿಯಪ್ಪ ಬಿರಿಯಾನಿಯ ಬದಲು ಉಪ್ಪಿಟ್ಟು ತರಿಸಿ ಪ್ರಯೋಗ ಮಾಡಿದರು. ವರ್ಗಾವಣೆ ಆದೇಶ ಕಂಡ ಗುಮಾಸ್ತನಂತೆ ಎಡ್ವಿನ್ ಅದನ್ನು ನೋಡಿದ. ಕೊನೆಗೆ ಅವರು ಮೈದಾನಕ್ಕೆ ಓಡಿದರು. ಅಲ್ಲಿ ಮೇಷ್ಟ್ರು, ಮಸಾಲೆಯ ವಾಸನೆ ತಲುಪದಷ್ಟು ದೂರದಲ್ಲಿ ಕುರ್ಚಿ ಹಾಕಿಸಿಕೊಂಡು, ಪ್ಲೇಟುಗಳ ಮೇಲೆ ನಿಗಾ ಇಡಲು ಸಿದ್ಧರಾಗುತ್ತಿದ್ದರು.

"ಮೇಷ್ಟ್ರೇ, ಎಡ್ವಿನ್‌ಗೆ ನಮ್ಮನೇಲೇ ಊಟ ಹಾಕ್ತೀನಿ. ಲೆಕ್ಕಕ್ಕೆ ಬರಲ್ಲ ತಾನೆ?"

"ಯಾಕ್ರೀ ಬರಲ್ಲ? ಮ್ಯಾನೇಜರ್ ತನ್ನ ಆಟಗಾರನಿಗೆ ಹಾಕಿದ ಅನ್ನ ಸಂಬಳವೇ. ಒಲೆ ಯಾರ ಮನೇದಾದ್ರೇನು?"

ಆಟಗಾರರನ್ನು ತಂಡದಿಂದ ಬಿಡುವ ಗಡುವು ಮಧ್ಯಾಹ್ನಕ್ಕೆ. ಸವರಿಯಪ್ಪ ಎದೆ ಕಲ್ಲು ಮಾಡಿಕೊಂಡು ಎಡ್ವಿನ್‌ನನ್ನು ಬಿಟ್ಟರು. ಫೈನಲ್ಲಿನ ಎದುರಾಳಿಯಾದ ಉದಯಗಿರಿ ತಂಡ ಅವನನ್ನು ಕೂಡಲೇ ಸೇರಿಸಿಕೊಂಡಿತು.

"ಸೇರಿಸ್ಕೊಳ್ಳಲಿ ಬುಡಣ್ಣ," ಎಂದು ಸ್ಯಾಮ್ಯುಯೆಲ್ ಹಿಗ್ಗಿದ. "ಇನ್ನು ಚಕ್ಕೆ, ಲವಂಗ ಅವ್ರಿಗೆ!"

ಸಂಜೆ ಎಡ್ವಿನ್ ಮೂರು ಗೋಲು ಹೊಡೆದ. ಕರೆಯದೆ ಬಂದ ನೆಂಟನಂತೆ ಚೆಂಡು ನಿರಾಳವಾಗಿ ಒಳಹೊಕ್ಕಿತು. ಒಂಟಿಕೊಪ್ಪಲ್ ಸೋತಿತು; ಸ್ಯಾಮ್ಯುಯೆಲ್ ಬಂದು ಸವರಿಯಪ್ಪನವರ ಕೊರಳಿನಿಂದ ಮ್ಯಾನೇಜರ್ ಬ್ಯಾಡ್ಜನ್ನು ಕಳಚಿಕೊಂಡ.

ಆದರೆ ಉದಯಗಿರಿಯ ಆಟಗಾರರೆಲ್ಲ ಹೊಟ್ಟೆತುಂಬ ಉಣ್ಣುತ್ತಿದ್ದರು. ಸವರಿಯಪ್ಪ ಮೇಷ್ಟ್ರ ಮುಂದೆ ಕೂಗಾಡಿದರು. "ಇವರು ಮಿತಿ ಮೀರಿದ್ದಾರೆ! ಎಡ್ವಿನ್‌ನ ಏಳು ಪ್ಲೇಟ್ ಎಲ್ಲಿಂದ ಬಂತು?"

"ಮೀರಿಲ್ಲ. ಎಡ್ವಿನ್‌ಗೆ ಅವರು ಕೊಟ್ಟ ಸಂಬಳ ಒಂದು ಬಾಳೆಹಣ್ಣು. ಊಟ ಅಕ್ಕನ ಮನೇಲಂತೆ."

"ಅದು ನಮ್ಮನೆ! ಬೆಳಿಗ್ಗೆ ನೀವೇ ಆಗಲ್ಲ ಅಂದ್ರಲ್ಲ!"

"ಬೆಳಿಗ್ಗೆ ಅವನು ನಿಮ್ಮ ಆಟಗಾರ. ಈಗ ಬರೀ ಬಾಮೈದ ಕಣ್ರೀ. ಬಾಮೈದನಿಗೆ ಊಟ ಹಾಕಬೇಡಿ ಅನ್ನೋಕೆ ನಾನ್ಯಾರು?"

ಸವರಿಯಪ್ಪ ಕಾಲೆಳೆಯುತ್ತ ಮನೆಗೆ ಬಂದರು. ನಡುಮನೆಯಲ್ಲಿ ಎಡ್ವಿನ್ ಏಳನೆಯ ಪ್ಲೇಟಿನ ಮೂಳೆ ಚೀಪುತ್ತಿದ್ದ. ರೋಸ್‌ಮೇರಿ ಬರಿದಾದ ಪಾತ್ರೆಯನ್ನು ಗಂಡನ ಕೈಗಿತ್ತು, "ತಿಕ್ಕಿಡಿ, ನನ್ ತಮ್ಮನ್ನ ಬಿಟ್ಟೋರು ನೀವೇ ಅಲ್ವಾ?" ಎಂದರು.

"ಬೇಜಾರ್ ಮಾಡ್ಕೋಬ್ಯಾಡಿ ಭಾವ," ಎಂದ ಎಡ್ವಿನ್, ಬೆರಳು ನೆಕ್ಕುತ್ತ. "ಮುಂದಿನ್ ವರ್ಷಕ್ಕೂ ಉದಯಗಿರಿಯವ್ರ ಜೊತೆ ಮಾತಾಗೋಯ್ತು. ಎರಡು ಬಾಳೆಹಣ್ಣು ಕೊಡ್ತಾರಂತೆ."